ಎಂಟು ವರ್ಷ ಕಪಾಟಿನಲ್ಲಿದ್ದ ಅಯೋಮಿಯ ಸೋಲೋ ಆಲ್ಬಂ: ಹೊರಬಂದದ್ದು ಅದೇ ಆಲ್ಬಮ್ಮೇ?

ಹಳೆಯ ಕ್ಯಾಸೆಟ್

ಟೋನಿ ಅಯೋಮಿಯ ‘ದಿ 1996 ಡೆಪ್ ಸೆಷನ್ಸ್’ ಆಲ್ಬಮನ್ನು ಬಹಳ ವರ್ಷಗಳ ನಂತರ ನಿನ್ನೆ ರಾತ್ರಿ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಎಂಟೇ ಹಾಡು, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಕೇಳಿ ಮಲಗಿದವನಿಗೆ ನಿದ್ದೆ ಹತ್ತಲಿಲ್ಲ. ಒಳಗೊಳಗೇ ಕುಟುಕುತ್ತಿದ್ದ ಹಳೆಯ ತಕರಾರೊಂದು ಎದ್ದು ಕುಳಿತಿತು. ಅದನ್ನು ನಮ್ಮ ಈ ಸಂಗೀತ ಚರ್ಚಾತಾಣದಲ್ಲಿ ಇಳಿಸಿಬಿಡುತ್ತೇನೆ, ನಿಮ್ಮ ನಿಮ್ಮ ಅಡ್ಡಹೆಸರಿನಲ್ಲಿ ಉತ್ತರಿಸಿ.

ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1995ರಲ್ಲಿ ‘ಫರ್ಬಿಡನ್’ ಆಲ್ಬಂ ಬಂದು ಹೋದ ಮೇಲೆ, ಅಯೋಮಿ ಗಿಟಾರ್ ನುಡಿಸುತ್ತಿದ್ದ ಬ್ಲ್ಯಾಕ್ ಸಬ್ಬತ್ ಎಂಬ ಹೆವಿ ಮೆಟಲ್ ತಂಡದ ಅಂಗಡಿ ಅರ್ಧ ಬಾಗಿಲು ಹಾಕಿತ್ತು. ಅಯೋಮಿ ತನ್ನೂರಾದ ಬರ್ಮಿಂಗ್‌ಹ್ಯಾಮ್‌ನಲ್ಲೇ, ಯುಬಿ40 ಎಂಬ ರೆಗೇ ತಂಡದವರ ಡೆಪ್ ಸ್ಟುಡಿಯೋದಲ್ಲಿ ಗ್ಲೆನ್ ಹ್ಯೂಸ್ ಜೊತೆ ಧ್ವನಿಮುದ್ರಣಕ್ಕೆ ಕುಳಿತ. ಹ್ಯೂಸ್ ಹಾಡಿದ, ಬಾಸ್ ಗಿಟಾರನ್ನೂ ನುಡಿಸಿದ. ಡ್ರಮ್ಸ್‌ಗೆ ಬಂದವನು ಡೇವ್ ಹಾಲೆಂಡ್. ಹ್ಯೂಸ್‌ನ ಹಳೆಯ ತಂಡ ಟ್ರೆಪೀಜ್‌ನವನು, ಆಮೇಲೆ ಸುಮಾರು ಹತ್ತು ವರ್ಷ ಜೂಡಾಸ್ ಪ್ರೀಸ್ಟ್‌ನಲ್ಲಿದ್ದವನು. 1997ರಲ್ಲಿ ಮೂಲ ಸಬ್ಬತ್ ಮತ್ತೆ ಒಂದಾಯಿತು, ಈ ಟೇಪುಗಳು ಕಪಾಟು ಸೇರಿದವು. ‘ಎಯ್ತ್ ಸ್ಟಾರ್’ ಎಂಬ ಹೆಸರಿನ ಕಳ್ಳಪ್ರತಿ ಮಾತ್ರ ಅಭಿಮಾನಿಗಳ ಕೈಯಿಂದ ಕೈಗೆ ಓಡಾಡಿತು. ನನಗೆ ಸಿಕ್ಕಿದ್ದು ಅದರ ಪ್ರತಿಯ ಪ್ರತಿಯ ಪ್ರತಿ, ಕಂದು ಬಣ್ಣದ ಕ್ಯಾಸೆಟ್ಟಿನಲ್ಲಿ. ತಿರುವಿ ತಿರುವಿ ಕೇಳಿದೆ. ಅಕ್ಷರಗಳು ಅಳಿಸಿಹೋಗುವಷ್ಟು ಕೇಳಿದೆ.

2004ರ ಸೆಪ್ಟೆಂಬರಿನಲ್ಲಿ ಅಧಿಕೃತ ಆಲ್ಬಂ ಬಂತು. ಗಿಟಾರ್ ಅದೇ, ಹ್ಯೂಸ್‌ನ ಕಂಠ ಅದೇ, ಡ್ರಮ್ಸ್ ಮಾತ್ರ ಬೇರೆ. ಹಾಲೆಂಡ್ ನುಡಿಸಿದ್ದನ್ನೆಲ್ಲ ತೆಗೆದು ಜಿಮ್ಮಿ ಕಾಪ್ಲಿ ಎಂಬಾತನಿಂದ ಹೊಸದಾಗಿ ನುಡಿಸಿ ಕೂರಿಸಿದ್ದಾರೆ. ನನ್ನ ಕ್ಯಾಸೆಟ್ಟಿನಲ್ಲಿ ಒಂದು ಧಾವಂತವಿತ್ತು. ಹಾಡುಗಳು ಮುಂದಕ್ಕೆ ತುಸು ಬಾಗಿ ಓಡುತ್ತಿದ್ದವು. ಅಧಿಕೃತ ಆಲ್ಬಂನಲ್ಲಿ ಎಲ್ಲವೂ ಶುಚಿಯಾಗಿದೆ, ಗಟ್ಟಿಯಾಗಿದೆ, ಆ ಓಟ ಮಾತ್ರ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಕಪಾಟಿನಲ್ಲಿದ್ದ ಆಲ್ಬಂ ಬಿಡುಗಡೆಯಾಯಿತೇ, ಅಥವಾ ಅದರ ಹೆಸರು ಹೇಳಿಕೊಂಡು ಇನ್ನೊಂದು ಬಂತೇ?

ಆರನೇ ತಂತಿ

ಅಣ್ಣ, ನಿಮ್ಮ ದುಃಖ ಅರ್ಥವಾಗುತ್ತದೆ, ಆದರೆ ನಾನು ಗಿಟಾರ್ ಕಡೆಯವನು. ‘ಗಾನ್’ ಹಾಡಿನಲ್ಲಿ ಅಯೋಮಿಯ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ಸ್ವರಗುಚ್ಛ) ಬರುತ್ತಿದ್ದರೆ ಹಿಂದೆ ಯಾರು ಕುಟ್ಟುತ್ತಿದ್ದಾರೆ ಎಂದು ನನಗೆ ಹೊಳೆಯುವುದೇ ಇಲ್ಲ. ನಮ್ಮ ತಾಣದ ಡ್ರಮ್ಮರ್ ಮರದ ಕೋಲು ಅವರು ಬೈಯುವ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಈ ಮನುಷ್ಯ ಹದಿನೇಳನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ, ಅದೂ ಕೆಲಸದ ಕೊನೆಯ ದಿನ, ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡವರು. ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತಬೇಕಾದ ಕೈಯೇ ಅದು. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಅದಕ್ಕೆ ಚರ್ಮ ಅಂಟಿಸಿಕೊಂಡರು. ಒತ್ತಲು ಹಗುರವಾಗಲಿ ಎಂದು ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೇ ಇಳಿಸಿದರು. ಅಂಥವರ ಎಂಟು ಹಾಡು ಕಪಾಟಿನಿಂದ ಹೊರಗೆ ಬಂದದ್ದೇ ನನಗೆ ಹಬ್ಬ.

ಬೇರೆ ವಿಷಯ: ಹೋದ ತಿಂಗಳು ನಿಮ್ಮ ಕ್ಯಾಸೆಟ್ಟಿನಿಂದ ಇಳಿಸಿದ ಫೈಲು ಕಳಿಸಿದ್ದಿರಲ್ಲ, ಅದರ ಜೊತೆ ನುಡಿಸಲು ಕುಳಿತರೆ ನನ್ನ ಗಿಟಾರ್ ಯಾವ ಶ್ರುತಿಗೂ ಕೂಡುತ್ತಿಲ್ಲ. ಇಳಿಸಿದರೆ ಕಡಿಮೆ, ಏರಿಸಿದರೆ ಹೆಚ್ಚು. ಮೂರು ಸಂಜೆ ಒದ್ದಾಡಿ ಬಿಟ್ಟುಬಿಟ್ಟೆ. ನನ್ನ ಕಿವಿಯ ದೋಷವೇ ಇರಬೇಕು.

ಸೂಜಿಮೊನೆ

ಎರಡು ತಿದ್ದುಪಡಿ.

ಒಂದು. 1997ರಲ್ಲಿ “ಮೂಲ ಸಬ್ಬತ್ ಒಂದಾಯಿತು” ಎನ್ನುವುದು ಮುಕ್ಕಾಲು ನಿಜ. ಆ ಬೇಸಿಗೆಯ ಸಂಗೀತೋತ್ಸವ ಆಜ್‌ಫೆಸ್ಟ್‌ನಲ್ಲಿ ಗಾಯಕ ಆಜಿ ಆಸ್ಬೋರ್ನ್, ಅಯೋಮಿ, ಬಾಸ್‌ನ ಗೀಜರ್ ಬಟ್ಲರ್ ಮೂವರೇ. ಡ್ರಮ್ಸ್‌ನಲ್ಲಿ ಇದ್ದವನು ರಾಕ್ ತಂಡ ಫೇತ್ ನೋ ಮೋರ್‌ನ ಮೈಕ್ ಬೋರ್ಡಿನ್. ಮೂಲ ಡ್ರಮ್ಮರ್ ಬಿಲ್ ವಾರ್ಡ್ ಬಂದು ನಾಲ್ವರಾದದ್ದು ಡಿಸೆಂಬರಿನ ಬರ್ಮಿಂಗ್‌ಹ್ಯಾಮ್ ಕಾರ್ಯಕ್ರಮಕ್ಕೆ. ಬೋರ್ಡಿನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡು. ಕಪಾಟಿನ ಕಥೆ 1996ಕ್ಕಿಂತ ಹಿಂದೆ ಶುರುವಾಗುತ್ತದೆ. 1986ರ ‘ಸೆವೆಂತ್ ಸ್ಟಾರ್’ ಕೂಡ ಅಯೋಮಿಯ ಸೋಲೋ ಆಲ್ಬಂ ಆಗಬೇಕಿತ್ತು, ಅದರಲ್ಲೂ ಹಾಡಿದವನು ಹ್ಯೂಸ್. ಆದರೆ ಸಬ್ಬತ್ ಹೆಸರಿಲ್ಲದೆ ಮಾರಾಟವಾಗುವುದಿಲ್ಲ ಎಂದು ವ್ಯವಸ್ಥಾಪಕರೂ ಕಂಪನಿಯವರೂ ಪಟ್ಟು ಹಿಡಿದರು. ಕೊನೆಗೆ ‘ಬ್ಲ್ಯಾಕ್ ಸಬ್ಬತ್ ಫೀಚರಿಂಗ್ ಟೋನಿ ಅಯೋಮಿ’ ಎಂಬ ವಿಚಿತ್ರ ಹೆಸರಿನಲ್ಲಿ ಬಂತು. ಮದುವೆ ಆಮಂತ್ರಣದಲ್ಲಿ ವರನ ಹೆಸರನ್ನು “ವಿಶೇಷ ಆಹ್ವಾನಿತರು” ಪಟ್ಟಿಗೆ ಸೇರಿಸಿದ ಹಾಗೆ. ಪ್ರವಾಸದ ಹೊತ್ತಿಗೆ ಹ್ಯೂಸ್ ಜಗಳದಲ್ಲಿ ಮುಖಕ್ಕೆ ಏಟು ತಿಂದು ದನಿ ಕಳೆದುಕೊಂಡ. ಕೆಲವೇ ಪ್ರದರ್ಶನಗಳ ನಂತರ ಅವನ ಜಾಗಕ್ಕೆ ರೇ ಗಿಲ್ಲೆನ್ ಬಂದ. ಕಳ್ಳಪ್ರತಿಗೆ ‘ಎಯ್ತ್ ಸ್ಟಾರ್’ ಎಂದು ಹೆಸರಿಟ್ಟ ಪುಣ್ಯಾತ್ಮನ ತಮಾಷೆ ಇರುವುದು ಇಲ್ಲಿ. ಏಳನೆಯದು ಆಯಿತು, ಇದು ಎಂಟನೆಯದು.

ಹಾಗಾಗಿ ಅಯೋಮಿಯ ಮೊದಲ ಸೋಲೋ ಆಲ್ಬಂ ಯಾವುದು ಎಂದರೆ ಮೂರು ಉತ್ತರ. ಉದ್ದೇಶದಲ್ಲಿ 1986ರದು. ಮುದ್ರಣದಲ್ಲಿ 1996ರದು. ಅಂಗಡಿಗೆ ಬಂದದ್ದರಲ್ಲಿ 2000ದ ‘ಅಯೋಮಿ’, ಹಾಡಿಗೊಬ್ಬ ಗಾಯಕನನ್ನು ಕರೆಸಿದ್ದು.

ಬರೀ ಕೇಳುಗ

ನಾನು ಇವರನ್ನೆಲ್ಲ ಅಷ್ಟಾಗಿ ಕೇಳಿದವನಲ್ಲ. ಒಂದು ಸಣ್ಣ ಪ್ರಶ್ನೆ: ಡ್ರಮ್ಸ್ ಚೆನ್ನಾಗಿಯೇ ಇದ್ದರೆ ಬದಲಿಸಿದ್ದು ಯಾಕೆ?

ಸೂಜಿಮೊನೆ

ಹಳೆಯ ಕ್ಯಾಸೆಟ್ ಅವರು ಅದನ್ನು ಹೇಳದೆ ಜಾರಿಕೊಂಡಿದ್ದಾರೆ, ನಾನು ಹೇಳುತ್ತೇನೆ. 2004ರ ಆರಂಭದಲ್ಲಿ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಡೇವ್ ಹಾಲೆಂಡ್ ಅಪರಾಧಿ ಎಂದು ಸಾಬೀತಾಯಿತು. ಡ್ರಮ್ಸ್ ಕಲಿಯಲು ಬರುತ್ತಿದ್ದ, ಕಲಿಕೆಯ ತೊಂದರೆಗಳಿದ್ದ 17 ವರ್ಷದ ಹುಡುಗನ ಮೇಲೆ ಲೈಂಗಿಕ ದೌರ್ಜನ್ಯ ಮತ್ತು ಅತ್ಯಾಚಾರ ಯತ್ನ. ಎಂಟು ವರ್ಷ ಜೈಲು. ತನ್ನ ಮೇಲಿನ ಆರೋಪವನ್ನು ಅವನು ಒಪ್ಪಿಕೊಳ್ಳಲಿಲ್ಲ. 2018ರಲ್ಲಿ ತೀರಿಕೊಂಡ. ಅದೇ 2004ರಲ್ಲಿ ಆಲ್ಬಂ ಬಂತು, ಹಾಲೆಂಡ್‌ನ ಡ್ರಮ್ಸ್ ಇಲ್ಲದೆ.

ಮಂದ್ರ

ಇದನ್ನು ಬಿಟ್ಟು “ಓಟ ಇಲ್ಲ, ಧಾವಂತ ಇಲ್ಲ” ಎಂದು ಬರೆದಿರಲ್ಲ, ಹಳೆಯ ಕ್ಯಾಸೆಟ್ ಅವರೇ. ಓದಿ ಬೇಸರವಾಯಿತು.

ಕಲಿಯಲು ಬಂದ ಹುಡುಗ ಅವನು. ಗುರುವಿನ ಮುಂದೆ ಕುಳಿತು ಕೋಲು ಹಿಡಿಯುವುದು ಹೇಗೆ ಎಂದು ಕೇಳುತ್ತಿದ್ದವನು. ನಾನೂ ಹತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟಿದ್ದೇನೆ. ಆ ಕೋಣೆಯಲ್ಲಿ ಮಗು ನಮ್ಮನ್ನು ಎಷ್ಟು ನಂಬುತ್ತದೆ ಎಂದು ಕಂಡಿದ್ದೇನೆ. ಆ ಮನುಷ್ಯನ ಹೆಸರು ಹೊಸ ಆಲ್ಬಂನ ಮೇಲೆ ಬರಬಾರದು, ಅದರಿಂದ ಅವನಿಗೆ ಒಂದು ಕಾಸೂ ಹೋಗಬಾರದು ಎಂದು ಅಯೋಮಿ ಅಂದುಕೊಂಡಿದ್ದರೆ ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೆ ಮುಗಿಯಿತು. ನಾಲ್ಕು ಸಿಂಬಲ್ ಏಟು ಕಳೆದುಕೊಂಡ ನಷ್ಟ ನಿಮಗೆ ಆಗಿರಬಹುದು. ಸಹಿಸಿಕೊಳ್ಳಿ.

ಹಳೆಯ ಕ್ಯಾಸೆಟ್

ಮಂದ್ರ ಅವರೇ, ಬೈದದ್ದು ಸರಿ. ಕಾರಣ ನನಗೆ ಗೊತ್ತಿತ್ತು. ಬರೆದರೆ ಮಾತೆಲ್ಲ ಅತ್ತಲೇ ಹರಿಯುತ್ತದೆ ಎಂದು ಬಿಟ್ಟೆ. ಬಿಡಬಾರದಿತ್ತು.

ಆದರೂ ಒಂದು ಮಾತು. ಹಾಲೆಂಡ್‌ನನ್ನು ನಾನು ಸಮರ್ಥಿಸುತ್ತಿಲ್ಲ. ‘ಡೆಪ್ ಸೆಷನ್ಸ್’ ಎಂಬ ಹೆಸರಿನ ಮುಂದೆ ‘1996’ ಎಂಬ ಇಸವಿ ಹಾಕಿದ್ದಾರೆ, ಅದನ್ನು ಪ್ರಶ್ನಿಸುತ್ತಿದ್ದೇನೆ. ಡ್ರಮ್ಸ್ ಆ ಇಸವಿಯದಲ್ಲವಲ್ಲ.

ಸೂಜಿಮೊನೆ

ಮಂದ್ರ ಅವರ ಮಾತನ್ನು ಗೌರವಿಸುತ್ತಲೇ ಒಂದು ತೊಡಕು ಮುಂದಿಡುತ್ತೇನೆ. ಜೂಡಾಸ್ ಪ್ರೀಸ್ಟ್‌ನ 1980ರ ‘ಬ್ರಿಟಿಷ್ ಸ್ಟೀಲ್’ನಲ್ಲಿ ಡ್ರಮ್ಸ್ ಯಾರದು? ಇದೇ ಹಾಲೆಂಡ್‌ನದು. ಆ ಆಲ್ಬಂ ಇಂದಿಗೂ ಮಾರಾಟವಾಗುತ್ತಿದೆ, ಯಾರೂ ಅವನನ್ನು ಅಳಿಸಲಿಲ್ಲ. ಅಂದರೆ ನಡೆದದ್ದು ಇಷ್ಟು: ಆಗಲೇ ಬಿಡುಗಡೆಯಾದದ್ದನ್ನು ಮುಟ್ಟಲಿಲ್ಲ, ಕಪಾಟಿನಲ್ಲಿದ್ದದ್ದನ್ನು ತಿದ್ದಿದರು. ಕಪಾಟಿನಲ್ಲಿರುವ ಆಲ್ಬಂ ಹಸಿ ಗೋಡೆಯಿದ್ದ ಹಾಗೆ, ಯಾರು ಬೇಕಾದರೂ ಗೆರೆ ಎಳೆಯಬಹುದು.

ಬಿಡುಗಡೆಯಾದದ್ದನ್ನೂ ಮುಟ್ಟಿದ ಉದಾಹರಣೆ ಬೇಕೇ? ಆಜಿಯ ಮೊದಲ ಎರಡು ಸೋಲೋ ಆಲ್ಬಂಗಳು, ‘ಬ್ಲಿಜರ್ಡ್ ಆಫ್ ಆಜ್’ ಮತ್ತು ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’. ಬಾಸ್ ನುಡಿಸಿದ ಬಾಬ್ ಡೈಸ್ಲಿ ಮತ್ತು ಡ್ರಮ್ಸ್‌ನ ಲೀ ಕರ್ಸ್ಲೇಕ್ ರಾಯಧನಕ್ಕಾಗಿ ಕೋರ್ಟಿಗೆ ಹೋದರು. 2002ರ ಮರುಮುದ್ರಣದಲ್ಲಿ ನೋಡಿದರೆ ಇಬ್ಬರೂ ಮಾಯ! ಬಾಸ್‌ಗೆ ರಾಬರ್ಟ್ ಟ್ರುಹಿಯೋ, ಡ್ರಮ್ಸ್‌ಗೆ, ನಾನು ನೆನಪಿಟ್ಟುಕೊಳ್ಳಿ ಎಂದಿದ್ದ ಮೈಕ್ ಬೋರ್ಡಿನ್. ರ್‍ಯಾಂಡಿ ರೋಡ್ಸ್ ಎಂಬ ಆ ಆಲ್ಬಂಗಳ ಗಿಟಾರಿಸ್ಟ್ 1982ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಅವನ ಗಿಟಾರಿನ ಹಿಂದೆ ಅವನೊಂದಿಗೆ ಆ ಹಾಡುಗಳನ್ನು ಕಟ್ಟದೇ ಇದ್ದವರನ್ನು ತಂದು ಕೂರಿಸಿದರು. ಅಭಿಮಾನಿಗಳು ರೊಚ್ಚಿಗೆದ್ದರು. 2011ರಲ್ಲಿ ಹಳೆಯ ಬಾಸ್, ಹಳೆಯ ಡ್ರಮ್ಸ್ ವಾಪಸು ಬಂದವು.

ಕೋಪ ಬಂದದ್ದು ಯಾಕೆ? ಜನ ಮೊದಲಿನದನ್ನು ಕೇಳಿದ್ದರು. ಡೆಪ್ ಟೇಪಿಗೆ ಆ ಕಾವಲು ಇರಲಿಲ್ಲ, ಹಳೆಯ ಕ್ಯಾಸೆಟ್ ಅವರಂಥ ಕೆಲವು ಕಳ್ಳಪ್ರತಿ ಕೇಳುಗರನ್ನು ಬಿಟ್ಟರೆ.

ಮಂದ್ರ

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿ ಕೂಲಿ ಕೇಳಿದವರನ್ನು ಅಳಿಸಿದರು. ಇಲ್ಲಿ ಅಪರಾಧಿಯನ್ನು ಅಳಿಸಿದರು.

ಸೂಜಿಮೊನೆ

ತಕ್ಕಡಿ ಬೇರೆಯೇ, ಒಪ್ಪಿದೆ. ಕತ್ತರಿ ಒಂದೇ ಎಂದೆ ಅಷ್ಟೆ.

ಮರದ ಕೋಲು

ಎರಡು ದಿನದಿಂದ ಓದುತ್ತಿದ್ದೇನೆ. ಎಲ್ಲರೂ ಅಳಿಸಿಹೋದ ಡ್ರಮ್ಮರ್ ಬಗ್ಗೆಯೇ ಮಾತನಾಡುತ್ತಿದ್ದೀರಿ. ಆ ಖಾಲಿ ಜಾಗದಲ್ಲಿ ಹೋಗಿ ಕುಳಿತವನ ಬಗ್ಗೆ ಒಬ್ಬರೂ ಕೇಳಲಿಲ್ಲ. ಆರನೇ ತಂತಿ, ನಿನ್ನ ಕ್ಷಮೆ ಸ್ವೀಕರಿಸಿಲ್ಲ.

ಇಂಥ ಕೆಲಸವನ್ನು ನಾನು ಒಮ್ಮೆ ಮಾಡಿದ್ದೇನೆ. ಸಣ್ಣ ತಂಡ, ಮೂರು ಹಾಡು. ಅವರ ಡ್ರಮ್ಮರ್ ಜಗಳವಾಡಿ ಹೋಗಿದ್ದ. ಉಳಿದದ್ದೆಲ್ಲ ಮುದ್ರಣವಾಗಿತ್ತು, ಡ್ರಮ್ಸ್ ಮಾತ್ರ ಹೊಸದಾಗಿ ಬೇಕಿತ್ತು. ಅರ್ಧ ದಿನದ ಕೆಲಸ ಎಂದುಕೊಂಡು ಹೋದವನು ನಾಲ್ಕು ದಿನ ಬೆವರು ಸುರಿಸಿದೆ.

ಸಾಮಾನ್ಯವಾಗಿ ಮೊದಲು ಡ್ರಮ್ಸ್ ಮುದ್ರಿಸುತ್ತಾರೆ. ಅದು ಅಡಿಪಾಯ. ಬಾಸ್, ಗಿಟಾರ್, ಹಾಡು ಅದರ ಮೇಲೆ ಏಳುತ್ತವೆ. ಇಲ್ಲಿ ಮನೆ ನಿಂತಿದೆ, ಅಡಿಪಾಯ ತೆಗೆದು ಬೇರೆ ಹಾಕಬೇಕು. ಗೋಡೆ ಅಲುಗಬಾರದು. ಹೆಡ್‌ಫೋನಿನಲ್ಲಿ ಗಿಟಾರ್ ಬರುತ್ತಿದೆ. ಆ ಗಿಟಾರ್ ನುಡಿಸಿದವನು ಇನ್ನೊಬ್ಬ ಡ್ರಮ್ಮರಿನ ಕಾಲಿನ ಏಟಿಗೆ ಕಿವಿಗೊಟ್ಟು ನುಡಿಸಿದ್ದಾನೆ. ಎರಡನೇ ಚರಣಕ್ಕೆ ಹೋಗುವಾಗ ಆ ಹಳೆಯ ಡ್ರಮ್ಮರ್ ಸ್ವಲ್ಪ ಮುಂದೆ ಹಾರಿರುತ್ತಾನೆ, ಗಿಟಾರ್ ಅವನ ಹಿಂದೆಯೇ ಹಾರಿರುತ್ತದೆ. ನನ್ನ ಕಿವಿಗೆ ಹಾರಿದ ಗಿಟಾರ್ ಮಾತ್ರ ಕೇಳಿಸುತ್ತದೆ, ಅದನ್ನು ಹಾರಿಸಿದವನು ಕಾಣಿಸುವುದಿಲ್ಲ. ಅಲ್ಲಿ ಏನಾಗಿತ್ತು ಎಂದು ಊಹಿಸಿ ನಾನೂ ಹಾರಬೇಕು. ಒಂದು ಕೂದಲೆಳೆ ತಡವಾದರೆ ಗಿಟಾರಿಸ್ಟ್ ಅವಸರಪಟ್ಟಂತೆ ಕೇಳುತ್ತದೆ, ತಪ್ಪು ಅವನ ತಲೆಗೆ ಬರುತ್ತದೆ. ಮೂರನೇ ದಿನ ನನಗೆ ಆ ಹೋದವನ ಅಭ್ಯಾಸಗಳೆಲ್ಲ ತಿಳಿದಿದ್ದವು. ಎಲ್ಲಿ ಉಸಿರು ಹಿಡಿಯುತ್ತಿದ್ದ, ಎಲ್ಲಿ ಬಲಗೈ ಬಿಗಿಯಾಗುತ್ತಿತ್ತು, ಎಲ್ಲಾ. ಅವನನ್ನು ನಾನು ನೋಡಿಯೇ ಇಲ್ಲ.

ಹಾಗಾಗಿ ಹಾಲೆಂಡ್‌ನನ್ನು ಪೂರ್ತಿ ಅಳಿಸಲು ಆಗುವುದಿಲ್ಲ ಎಂಬುದು ನನ್ನ ಅಂಬೋಣ. ಅವನ ಏಟುಗಳು ಹೋದವು, ಅವನ ನಡಿಗೆ ಅಯೋಮಿಯ ಕೈಯಲ್ಲೂ ಹ್ಯೂಸ್‌ನ ಬಾಸ್‌ನಲ್ಲೂ ಉಳಿದಿದೆ. ಮಂದ್ರ ಅವರಿಗೆ ಇದು ಹಿತವಾದ ಸುದ್ದಿಯಲ್ಲ, ನನಗೂ ಅಲ್ಲ.

ಜಿಮ್ಮಿ ಕಾಪ್ಲಿ ಹುಡುಗಾಟದ ಆಳಲ್ಲ. ಎಪ್ಪತ್ತರ ದಶಕದಲ್ಲಿ ಗಿಟಾರಿಸ್ಟ್ ಜೆಫ್ ಬೆಕ್ ಬೆನ್ನಿಗೆ ನಿಂತಿದ್ದ ‘ಅಪ್’ ತಂಡದ ಡ್ರಮ್ಮರ್. ಆಮೇಲೆ ಬರ್ಮಿಂಗ್‌ಹ್ಯಾಮ್‌ನದೇ ಮ್ಯಾಗ್ನಂ ತಂಡದಲ್ಲೂ ನುಡಿಸಿದವನು. 2017ರಲ್ಲಿ ಹೋಗಿಬಿಟ್ಟ. ಈ ಆಲ್ಬಂನಲ್ಲಿ ಅವನು ಮಾಡಿರುವುದು ಎದ್ದು ಕಾಣದಿರುವ ಕೆಲಸ. ಅದು ಬಹಳ ಕಷ್ಟ. ‘ಓಟ ಇಲ್ಲ’ ಎಂದು ಬೈಸಿಕೊಳ್ಳಬೇಕಾದ ಕೆಲಸವಲ್ಲ.

ಟೇಪು ಬೇಯಿಸುವವ

ಮರದ ಕೋಲು ಹೇಳಿದ್ದಕ್ಕೆ ತಾಂತ್ರಿಕ ಬಾಲಂಗೋಚಿ. ಡ್ರಮ್ಸ್ ಬದಲಿಸಲು ಸಾಧ್ಯವಾಗುವುದೇ ಪ್ರತಿ ವಾದ್ಯ ಬೇರೆ ಬೇರೆ ಟ್ರ್ಯಾಕಿನಲ್ಲಿ ಇದ್ದರೆ. ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಒಟ್ಟಿಗೆ ನುಡಿಸಿದ್ದರೆ ಗಾಯಕನ ಮೈಕಿಗೂ ಡ್ರಮ್ಸ್ ಸದ್ದು ನುಗ್ಗಿರುತ್ತದೆ. ಆಗ ಎಷ್ಟು ತೊಳೆದರೂ ಹಿಂದೆ ದೆವ್ವದ ಹಾಗೆ ಹಳೆಯ ಸಿಂಬಲ್ ಕೇಳುತ್ತಿರುತ್ತದೆ.

ನನ್ನ ಹೆಸರಿನ ಬಗ್ಗೆ ಯಾವಾಗಲೂ ಕೇಳುತ್ತೀರಿ, ಇಲ್ಲೇ ಹೇಳಿಬಿಡುತ್ತೇನೆ. ಕಪಾಟಿನ ಆಲ್ಬಂ ಎಂದರೆ ಬರೀ ಕರಾರು, ಜಗಳ ಅಲ್ಲ, ರಸಾಯನಶಾಸ್ತ್ರವೂ ಹೌದು. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕದವರೆಗೆ ತಯಾರಾದ ಹಲವು ಬಗೆಯ ಸ್ಟುಡಿಯೋ ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ವರ್ಷಗಳಲ್ಲಿ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಕಿರ್ರೆಂದು ಕೂಗುತ್ತದೆ, ಹೆಡ್ ಮೇಲೆ ಕಂದು ಅಂಟು ಬಳಿಯುತ್ತದೆ. ಹಾಡೇ ಉದುರಿ ಹೋಗುತ್ತಿರುತ್ತದೆ, ನೀವು ನೋಡುತ್ತಾ ನಿಂತಿರುತ್ತೀರಿ. ಅದಕ್ಕೆ ಮದ್ದು ಎಂದರೆ ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವುದು. ತೇವ ಹೋಗಿ ಅಂಟು ಕೆಲವು ವಾರಗಳ ಮಟ್ಟಿಗೆ ಬಿಗಿಯಾಗುತ್ತದೆ. ಅಷ್ಟರಲ್ಲಿ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಮೊದಲ ಸಲ ಬೇರೆಯವರ ಮೂಲ ಟೇಪನ್ನು ಒಲೆಗೆ ಇಟ್ಟ ರಾತ್ರಿ ನಾನು ಊಟ ಮಾಡಲಿಲ್ಲ.

ಬರೀ ಕೇಳುಗ

ಹೀಗೆ ಕಪಾಟಿನಿಂದ ಎದ್ದು ಬಂದವು ಇನ್ನೂ ಇವೆಯೇ? ಏನನ್ನೂ ಮುಟ್ಟದೆ, ಇದ್ದದ್ದು ಇದ್ದ ಹಾಗೆ?

ಸೂಜಿಮೊನೆ

ಹಾಡುಗಾರ ನೀಲ್ ಯಂಗ್‌ನ ‘ಹೋಮ್‌ಗ್ರೋನ್’. ಧ್ವನಿಮುದ್ರಣ 1974 ಮತ್ತು 75ರಲ್ಲಿ, ಬಿಡುಗಡೆ 2020ರ ಜೂನ್‌ನಲ್ಲಿ. ನಲವತ್ತೈದು ವರ್ಷ! ನಟಿ ಕ್ಯಾರಿ ಸ್ನಾಡ್‌ಗ್ರೆಸ್ ಜೊತೆಗಿನ ಬಾಳು ಮುರಿಯುತ್ತಿದ್ದ ಕಾಲದ ಹಾಡುಗಳು. ಸ್ನೇಹಿತರನ್ನು ಕೂರಿಸಿ ಟೇಪು ಕೇಳಿಸಿದ. ಅದರ ಬೆನ್ನಿಗೇ ‘ಟುನೈಟ್ಸ್ ದ ನೈಟ್’ ಎಂಬ ಇನ್ನೊಂದು ಆಲ್ಬಂ ಕೂಡ ಇತ್ತು. ರಾಕ್ ತಂಡ ದಿ ಬ್ಯಾಂಡ್‌ನ ರಿಕ್ ಡ್ಯಾಂಕೋ ಎರಡನೆಯದನ್ನೇ ಹೊರಗೆ ಬಿಡು ಎಂದ. ಯಂಗ್ 1975ರಲ್ಲಿ ಅದನ್ನೇ ಬಿಟ್ಟ, ಮೊದಲನೆಯದು ಒಳಗೆ ಹೋಯಿತು. ಕೆಲವು ಹಾಡುಗಳು ಬೇರೆ ಆಲ್ಬಂಗಳಿಗೆ ಒಂದೊಂದಾಗಿ ಸೋರಿದವು. ಆದರೆ ಹೊರಬಂದಾಗ ಅವನು ಡ್ರಮ್ಸ್ ಬದಲಿಸಲಿಲ್ಲ, ದನಿ ತಿದ್ದಲಿಲ್ಲ. ಅದಕ್ಕೂ ಮೊದಲು 2017ರಲ್ಲಿ ‘ಹಿಚ್‌ಹೈಕರ್’ ಬಂತು. 1976ರ ಆಗಸ್ಟ್‌ನಲ್ಲಿ ಒಂದೇ ರಾತ್ರಿ, ಒಬ್ಬನೇ ಕುಳಿತು ಹಾಡಿದ್ದು. ಅದನ್ನೂ ಹಾಗೇ ಬಿಟ್ಟ.

ಇನ್ನೊಂದು ತುದಿಯಲ್ಲಿ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್. 1970ರಲ್ಲಿ ಸತ್ತ. ಅಲನ್ ಡಗ್ಲಾಸ್ ಎಂಬ ನಿರ್ಮಾಪಕ 1975ರಲ್ಲಿ ‘ಕ್ರ್ಯಾಶ್ ಲ್ಯಾಂಡಿಂಗ್’ ತಂದ. ಮೂಲ ಬಾಸ್, ಡ್ರಮ್ಸ್ ತೆಗೆದು ಹೆಂಡ್ರಿಕ್ಸ್‌ನನ್ನು ಕಂಡೇ ಇರದ ಸ್ಟುಡಿಯೋ ಕಲಾವಿದರಿಂದ ನುಡಿಸಿದ. ಅಷ್ಟು ಸಾಲದೆಂದು ಕೆಲವು ಹಾಡುಗಳಿಗೆ ಸಹರಚನಕಾರ ಎಂದು ತನ್ನ ಹೆಸರನ್ನೂ ಹಾಕಿಕೊಂಡ. ಸತ್ತವನ ಉಯಿಲಿಗೆ ತಾನೇ ಸಹಿ ಮಾಡಿದ ಹಾಗೆ. 1995ರಲ್ಲಿ ಹಕ್ಕು ಹೆಂಡ್ರಿಕ್ಸ್ ತಂದೆಯ ಕೈಗೆ ಬಂದ ಮೇಲೆ, 1997ರಲ್ಲಿ ‘ಫಸ್ಟ್ ರೇಸ್ ಆಫ್ ದ ನ್ಯೂ ರೈಸಿಂಗ್ ಸನ್’ ಬಂತು. ಹೆಂಡ್ರಿಕ್ಸ್ ಜೊತೆ ಕೆಲಸ ಮಾಡಿದ್ದ ಎಂಜಿನಿಯರ್ ಎಡ್ಡಿ ಕ್ರೇಮರ್ ಕೂತು ಜೋಡಿಸಿದ್ದು.

ಆರನೇ ತಂತಿ

ಡೇವ್ ಡೇವಿಸ್‌ನನ್ನು ಬಿಟ್ಟಿರಲ್ಲ! ಕಿಂಕ್ಸ್‌ನ ಗಿಟಾರಿಸ್ಟ್. ಪುಟ್ಟ ಹಸಿರು ಆಂಪ್ಲಿಫೈಯರ್‌ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ 1964ರಲ್ಲಿ ಆ ಒರಟು ಸದ್ದು ತಂದವನು. 1967ರಲ್ಲಿ ಅವನ ಸೋಲೋ ಹಾಡು ‘ಡೆತ್ ಆಫ್ ಎ ಕ್ಲೌನ್’ ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು. ತಕ್ಷಣ ಕಂಪನಿಯವರಿಗೆ ಪೂರ್ತಿ ಆಲ್ಬಂ ಬೇಕಾಯಿತು. ಅವನಿಗೆ ಅಷ್ಟೇನೂ ಬೇಕಿರಲಿಲ್ಲ. 1968, 69ರಲ್ಲಿ ಹಾಡುಗಳು ಮುದ್ರಣವಾದವು, ಮುಂದಿನ ಸಿಂಗಲ್‌ಗಳು ಓಡಲಿಲ್ಲ, ಆಲ್ಬಂ ನಿಂತುಹೋಯಿತು. ಕೆಲವು ಕಿಂಕ್ಸ್ ಸಿಂಗಲ್‌ಗಳ ಹಿಂಬದಿಗೆ ಹೋದವು. 2011ರಲ್ಲಿ ‘ಹಿಡನ್ ಟ್ರೆಷರ್ಸ್’ ಎಂದು ಒಟ್ಟುಗೂಡಿಸಿ ತಂದರು. ಇದನ್ನು ಕಪಾಟಿನ ಆಲ್ಬಂ ಎನ್ನುವುದಕ್ಕಿಂತ ಚೆಲ್ಲಾಪಿಲ್ಲಿಯಾದ ಮಣಿಗಳನ್ನು ಮತ್ತೆ ಪೋಣಿಸಿದ್ದು ಎನ್ನಬೇಕು.

ಮಂದ್ರ

ನನಗೆ ಮೊದಲು ನೆನಪಾಗುವುದು ಕ್ರಿಸ್ ಬೆಲ್. ಮೆಂಫಿಸ್‌ನ ಬಿಗ್ ಸ್ಟಾರ್ ತಂಡದ ಗಿಟಾರಿಸ್ಟ್. 1972ರ ಮೊದಲ ಆಲ್ಬಂ ಮಾರಾಟವಾಗಲಿಲ್ಲ, ಮನನೊಂದು ತಂಡ ಬಿಟ್ಟ. ಅಣ್ಣ ಡೇವಿಡ್ ಅವನನ್ನು ಯೂರೋಪಿಗೆ ಕರೆದೊಯ್ದ. ಫ್ರಾನ್ಸಿನ ಒಂದು ಹಳೆಯ ಬಂಗಲೆಯ ಸ್ಟುಡಿಯೋದಲ್ಲಿ ಮುದ್ರಿಸಿದರು, ಬೀಟಲ್ಸ್ ಎಂಜಿನಿಯರ್ ಆಗಿದ್ದ ಜೆಫ್ ಎಮೆರಿಕ್ ಲಂಡನ್ನಿನಲ್ಲಿ ಮಿಶ್ರಣ ಮಾಡಿಕೊಟ್ಟರು. ಟೇಪು ಹಿಡಿದು ಕಂಪನಿಯಿಂದ ಕಂಪನಿಗೆ ಅಲೆದರೂ ಯಾರಿಗೂ ಬೇಕಾಗಲಿಲ್ಲ. 1978ರಲ್ಲಿ ಒಂದೇ ಒಂದು ಸಿಂಗಲ್ ಬಂತು, ಎರಡು ಹಾಡು. ಅದೇ ವರ್ಷ ಡಿಸೆಂಬರ್ 27ರಂದು ಕಾರು ಕಂಬಕ್ಕೆ ಬಡಿದು ತೀರಿಕೊಂಡ. 27 ವರ್ಷ. ‘ಐ ಆಮ್ ದ ಕಾಸ್ಮಾಸ್’ ಆಲ್ಬಂ ಬಂದದ್ದು 1992ರಲ್ಲಿ.

ಡ್ರಮ್ಸ್ ಮೂಲದ್ದೇ, ಹೊಸದೇ ಎಂದು ಜಗಳವಾಡಲು ನಿಮ್ಮ ಅಯೋಮಿಗೆ ಆಯುಸ್ಸಾದರೂ ಇತ್ತು.

ಟೇಪು ಬೇಯಿಸುವವ

ಮಂದ್ರ ಅವರ ಮಾತಿನಲ್ಲೇ ಇನ್ನೊಂದು ಅಂಶವಿದೆ. ಬದುಕಿರುವವನು ತನ್ನ ಆಲ್ಬಮನ್ನು ತಿದ್ದಬಹುದು. ಅಯೋಮಿ ‘ಫರ್ಬಿಡನ್’ ಆಲ್ಬಮನ್ನೂ ಸುಮ್ಮನೆ ಬಿಡಲಿಲ್ಲ, ತಾನೇ ಕುಳಿತು ಹೊಸದಾಗಿ ಮಿಶ್ರಣ ಮಾಡಿ 2024ರಲ್ಲಿ ಬಂದ ಸಬ್ಬತ್ ಆಲ್ಬಂಗಳ ಪೆಟ್ಟಿಗೆಯಲ್ಲಿ ಸೇರಿಸಿದ. ಹೆಂಡ್ರಿಕ್ಸ್‌ಗೆ ಬೇಡ ಎನ್ನುವ ಬಾಯಿ ಇರಲಿಲ್ಲ. ನನ್ನ ಗೆರೆ ಅಲ್ಲಿ.

ಈಗ ಮೂಲ ವಿಷಯಕ್ಕೆ. ಹಳೆಯ ಕ್ಯಾಸೆಟ್ ಸರ್, ಆರನೇ ತಂತಿ ಮೇಲೆ ಬರೆದ ಒಂದು ಸಾಲು ನನ್ನನ್ನು ಕೊರೆಯುತ್ತಿದೆ. ನಿಮ್ಮ ಪ್ರತಿಗೆ ಗಿಟಾರ್ ಯಾವ ಶ್ರುತಿಗೂ ಕೂಡುತ್ತಿಲ್ಲ ಎಂದನಲ್ಲ. ಒಂದು ಪರೀಕ್ಷೆ ಮಾಡಿ. ಕ್ಯಾಸೆಟ್ಟಿನ ‘ಗಾನ್’, ಅಧಿಕೃತ ಆಲ್ಬಂನ ‘ಗಾನ್’, ಎರಡರ ಒಂದೇ ರಿಫ್‌ಗೆ ಶ್ರುತಿಯಂತ್ರ ಹಿಡಿಯಿರಿ. ಗಿಟಾರ್ ಎರಡರಲ್ಲೂ ಒಂದೇ ಎಂದು ನೀವೇ ಹೇಳಿದ್ದೀರಿ. ಹಾಗಿದ್ದರೆ ಶ್ರುತಿಯೂ ಒಂದೇ ಇರಬೇಕು.

ಹಳೆಯ ಕ್ಯಾಸೆಟ್

ಯಾಕೆ ಎಂದು ಹೇಳಿದರೆ ಮಾಡುತ್ತೇನೆ.

ಟೇಪು ಬೇಯಿಸುವವ

ಕ್ಯಾಸೆಟ್ ಓಡಬೇಕಾದದ್ದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಮನೆಯ ಯಂತ್ರಗಳು ಇದಕ್ಕೆ ನಿಷ್ಠೆಯಿಂದ ನಡೆದುಕೊಂಡದ್ದು ಕಡಿಮೆ. ನಿಧಾನ ಓಡುವ ಯಂತ್ರದಲ್ಲಿ ಪ್ರತಿ ಮಾಡಿ ಸರಿಯಾದ ಯಂತ್ರದಲ್ಲಿ ಹಾಕಿದರೆ ಹಾಡು ವೇಗವಾಗಿ ಓಡುತ್ತದೆ, ಶ್ರುತಿಯೂ ಏರುತ್ತದೆ. ನಿಮ್ಮದು ಪ್ರತಿಯ ಪ್ರತಿಯ ಪ್ರತಿ. ಮೊದಲು ನೋಡಿ, ಆಮೇಲೆ ಮಾತು.

ಹಳೆಯ ಕ್ಯಾಸೆಟ್

ನೋಡಿದೆ. ಮೂರು ಸಲ ನೋಡಿದೆ. ಬೇರೆ ಹಾಡಿನಲ್ಲೂ ನೋಡಿದೆ.

ನನ್ನ ಕ್ಯಾಸೆಟ್ ಸುಮಾರು ಕಾಲು ಸ್ವರ ಮೇಲಿದೆ.

ಟೇಪು ಬೇಯಿಸುವವ

ಅಂದರೆ ವೇಗ ನೂರಕ್ಕೆ ಮೂರರಷ್ಟು ಹೆಚ್ಚು. ನಿಮಿಷಕ್ಕೆ 120 ಏಟಿನ ಹಾಡು ನಿಮ್ಮ ಕಿವಿಗೆ 123, 124ರಂತೆ ಬಂದಿದೆ. ಎಣಿಸಿ ಹೇಳಲು ಆಗುವುದಿಲ್ಲ, ಆದರೆ ಮೈಗೆ ತಿಳಿಯುತ್ತದೆ.

ಆರನೇ ತಂತಿ

ಕಾಲು ಸ್ವರ! ಗಿಟಾರಿನ ಎರಡು ಮನೆಗಳ ಸರಿಯಾಗಿ ನಡುವೆ! ನನ್ನ ಕಿವಿ ಸರಿಯಾಗಿಯೇ ಇತ್ತು. ಅಣ್ಣ, ನನ್ನ ಮೂರು ಸಂಜೆ ವಾಪಸು ಕೊಡಿ.

ಮರದ ಕೋಲು

ಹಾಗಾದರೆ ಹಾಲೆಂಡ್‌ನ ಆ ‘ಓಟ’ ಹಾಲೆಂಡ್‌ನದಲ್ಲ, ಯಾರದೋ ಮನೆಯ ಟೇಪ್ ರೆಕಾರ್ಡರಿನ ಮೋಟಾರಿನದು. ಕಾಪ್ಲಿಯ ಕ್ಷಮೆ ಯಾರು ಕೇಳುತ್ತೀರಿ?

ಹಳೆಯ ಕ್ಯಾಸೆಟ್

ನಾನು ಕೇಳುತ್ತೇನೆ.

ಕಂಪ್ಯೂಟರಿನಲ್ಲಿ ಆ ಫೈಲಿನ ವೇಗ ಇಳಿಸಿ, ಅಧಿಕೃತ ಆಲ್ಬಂನ ಶ್ರುತಿಗೆ ತಂದು ನಿಲ್ಲಿಸಿದೆ. ಎಡಗಿವಿಗೆ ಕ್ಯಾಸೆಟ್ಟಿನದು, ಬಲಗಿವಿಗೆ ಅಧಿಕೃತದ್ದು. ಹ್ಯೂಸ್‌ನ ಕಂಠ ಎರಡೂ ಕಡೆಯಿಂದ ಬಂದು ನಡುನೆತ್ತಿಯಲ್ಲಿ ಒಂದಾಯಿತು. ಅಕ್ಕಪಕ್ಕದಲ್ಲಿ ಇಬ್ಬರು ಡ್ರಮ್ಮರುಗಳು ಒಂದೇ ಹಾಡಿಗೆ ನುಡಿಸುತ್ತಿದ್ದರು. ವ್ಯತ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಹುಡುಕುತ್ತಿದ್ದ ಧಾವಂತ ಇಬ್ಬರಲ್ಲೂ ಇರಲಿಲ್ಲ. ಎಡಗಿವಿಯಲ್ಲಿದ್ದವನು ತಣ್ಣಗೆ, ನೇರವಾಗಿ ನುಡಿಸುತ್ತಿದ್ದ.

ವೇಗ ಮತ್ತೆ ಮೊದಲಿನಷ್ಟೇ ಮಾಡಿದೆ. ಬಂತು, ನನ್ನ ಹಾಡು.

ಮಂದ್ರ

ಈಗ ಯಾವುದನ್ನು ಇಟ್ಟುಕೊಳ್ಳುತ್ತೀರಿ?

ಹಳೆಯ ಕ್ಯಾಸೆಟ್

ಅಧಿಕೃತ ಆಲ್ಬಮನ್ನು ನೂರಕ್ಕೆ ಮೂರರಷ್ಟು ವೇಗ ಹೆಚ್ಚಿಸಿ ಕೇಳುತ್ತಿದ್ದೇನೆ. ಕಾಪ್ಲಿ ಚೆನ್ನಾಗಿ ಓಡುತ್ತಾನೆ.

ಆರನೇ ತಂತಿ

ದಯವಿಟ್ಟು ಆ ಫೈಲನ್ನು ನನಗೆ ಕಳಿಸಬೇಡಿ.